ಮೊದಲೇ ನಿರ್ಧಾರವಾದ ಪಂದ್ಯಕ್ಕೆ ಮುನ್ನೋಟವೇಕೆ?

ಪ್ರಶ್ನೆ: ವೃತ್ತಿಪರ ಕುಸ್ತಿಯ ಫಲಿತಾಂಶ ಮೊದಲೇ ನಿರ್ಧಾರವಾಗಿರುತ್ತದೆ ಎಂದ ಮೇಲೆ, ದೊಡ್ಡ ಪ್ರದರ್ಶನಗಳಿಗೆ ತಾವು ಮುನ್ನೋಟ ಬರೆಯುವುದರಲ್ಲಿ ಅರ್ಥವೇನಿದೆ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ನಮ್ಮ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯ ಮುನ್ನೋಟದಂತೆ ಇದು ಆಟಗಾರರ ಬಲಾಬಲವನ್ನು ಅಳೆಯುವುದಿಲ್ಲ, ವಾರವಾರವೂ ಟಿವಿಯಲ್ಲಿ ಬೆಳೆದುಬಂದ ಕಥೆ ಎತ್ತ ಸಾಗಬೇಕೆಂದು ವಿಚಾರಿಸುತ್ತದೆ. ಡಬ್ಲ್ಯೂಡಬ್ಲ್ಯೂಇ ಕುಸ್ತಿ ಸಂಸ್ಥೆಯ ವರ್ಷದ ಅತಿದೊಡ್ಡ ಪ್ರದರ್ಶನವಾದ ರೆಸಲ್‌ಮೇನಿಯಾದ 2014ರ ಆವೃತ್ತಿಯನ್ನೇ ನೋಡಿ. ತಿಂಗಳುಗಟ್ಟಲೆ ಅವಕಾಶವಂಚಿತನಾಗಿ ಚಿತ್ರಿತನಾಗಿದ್ದ ಡೇನಿಯಲ್ ಬ್ರಯಾನ್, ಮೊದಲು ಟ್ರಿಪಲ್ ಎಚ್‌ನನ್ನು ಮಣಿಸಿ, ಅದೇ ರಾತ್ರಿ ರ‍್ಯಾಂಡಿ ಆರ್ಟನ್ ಮತ್ತು ಬಟಿಸ್ಟಾ ಇಬ್ಬರೂ ಇದ್ದ ಪಂದ್ಯದಲ್ಲಿ ಪಟ್ಟ ಗೆದ್ದಾಗ, ಅದನ್ನು ಮೊದಲೇ ಊಹಿಸಿದ್ದವರ ಸಂತೋಷವೂ ಕಡಿಮೆಯಾಗಲಿಲ್ಲ, ಏಕೆಂದರೆ ಕಥೆ ಬೇಡುತ್ತಿದ್ದ ಅಂತ್ಯ ಅದೇ ಆಗಿತ್ತು. ಆದರೆ ಆ ವೇದಿಕೆಯಲ್ಲಿ 21 ಗೆಲುವು ಕಂಡು ಸೋಲನ್ನೇ ಅರಿಯದಿದ್ದ ಅಂಡರ್‌ಟೇಕರ್‌ನನ್ನು ಬ್ರಾಕ್ ಲೆಸ್ನರ್ ಅಂದೇ ಸೋಲಿಸಿ ಪ್ರೇಕ್ಷಕರನ್ನು ದಿಗ್ಭ್ರಮೆಗೊಳಿಸಿದನು. ಅಂತಹ ಘಟನೆಗೆ ತಕ್ಕಷ್ಟು ಕಥೆಯನ್ನು ಮೊದಲೇ ಕಟ್ಟಿರಲಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ.