ನಾಲ್ಕನೇ ಹಾಳೆಯ ಬೆನ್ನಿಗೆ ಬರೆದದ್ದು

ಸಿಸ್ಟರ್, ನಮಸ್ಕಾರ.

ನಿಮ್ಮ ‘ಉಸಿರಾಟದ ತೊಂದರೆಯುಳ್ಳ ರೋಗಿಗಳ ಶುಶ್ರೂಷಾ ಮೌಲ್ಯಮಾಪನ ಹಾಗೂ ಆರೈಕೆ’ ಲೇಖನ ನಮ್ಮ ಪತ್ರಿಕೆಗೆ ಬಂದು ಮೂರು ವಾರ ಆಯ್ತು. ಉತ್ತರ ತಡವಾಯಿತು, ಬೇಜಾರಾಗಬೇಡಿ. ಏಳು ಹಾಳೆ, ಎರಡು ಸಲ ಓದಿದೆ. ಮೊದಲ ಸಲ ಓದಿ ಮುಗಿಸಿದಾಗ ವಾಪಸ್ ಕಳಿಸೋಣ ಅಂತ ಲಕೋಟೆ ಕೂಡ ತೆಗೆದಿಟ್ಟಿದ್ದೆ. ಎರಡನೇ ಸಲ ನಾಲ್ಕನೇ ಹಾಳೆ ತಿರುವುವಾಗ ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಏನೋ ಗೀಚಿದ್ದು ಕಾಣಿಸಿತು. ಈ ಉದ್ದ ಪತ್ರಕ್ಕೆ ಅದೇ ಕಾರಣ. ಅದರ ಮಾತು ಆಮೇಲೆ.

ಲೇಖನ ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಸುತ್ತಿ ಬಳಸಿ ಹೇಳುವುದಕ್ಕಿಂತ ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ಹನ್ನೊಂದು ವರ್ಷದಿಂದ ಕಲಬುರಗಿಯ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದೇನೆ, ಅದರಲ್ಲಿ ರಾತ್ರಿ ಪಾಳಿಯೇ ಜಾಸ್ತಿ ಅಂತ ಪತ್ರದಲ್ಲಿ ಬರೆದಿದ್ದೀರಿ. ಲೇಖನದಲ್ಲಿ ಮಾತ್ರ ಆ ಹನ್ನೊಂದು ವರ್ಷ ಎಲ್ಲೂ ಕಾಣುವುದಿಲ್ಲ. ನಾಳೆ ಪರೀಕ್ಷೆ ಇರುವ ಹುಡುಗಿ ಬರೆದ ಹಾಗಿದೆ. ‘ಶ್ವಾಸಕೃಚ್ಛ್ರತೆ’ ಅಂದಿದ್ದೀರಿ. ‘ಅರ್ಧೋಪವಿಷ್ಟ ಭಂಗಿ’ ಅಂದಿದ್ದೀರಿ. ನಿಮ್ಮ ಮುಂದೆ ಯಾವ ಅಜ್ಜ ಬಂದು ‘ನನಗ ಶ್ವಾಸಕೃಚ್ಛ್ರತೆ ಆಗ್ಯಾದ್ರೀ’ ಅಂದಿದ್ದಾನೆ? ‘ದಮ್ ಹತ್ತದ್ರೀ ಸಿಸ್ಟರ್’ ಅನ್ನುತ್ತಾನೆ. ‘ಎದಿ ಬಿಗದಂಗ ಆಗ್ಯಾದ’ ಅನ್ನುತ್ತಾನೆ. ‘ಮಕ್ಕೊಂಡ್ರ ಜೀವ ಹೋದಂಗ ಆಗ್ತದ’ ಅನ್ನುತ್ತಾನೆ. ಈ ಮೂರೂ ಒಂದೇ ಅಲ್ಲ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮಲಗಿದ ಕೂಡಲೇ ಉಸಿರು ಸಿಗದವನ ತೊಂದರೆ ಹೃದಯದ್ದೂ ಇರಬಹುದು. ರೋಗಿ ಹೇಳಿದ್ದನ್ನು ಅವನ ಮಾತಿನಲ್ಲೇ ಕೇಸ್ ಶೀಟಿಗೆ ಇಳಿಸಬೇಕು ಅಂತ ನಿಮಗೆ ಕಲಿಸಿರುತ್ತಾರೆ. ಲೇಖನದಲ್ಲೂ ಅಷ್ಟೇ ಮಾಡಿ.

ಶುರುವಿನ ಬಗ್ಗೆ ಒಂದು ಮಾತು. ಮೇ 12ರ ನರ್ಸ್‌ಗಳ ದಿನ ಹತ್ತಿರ ಬಂತೆಂದರೆ ನನ್ನ ಮೇಜಿನ ಮೇಲೆ ದೀಪ ಹಿಡಿದ ನೈಟಿಂಗೇಲರು ಸಾಲುಗಟ್ಟಿ ನಿಲ್ಲುತ್ತಾರೆ. ನೀವು ಅವರನ್ನು ಬಿಟ್ಟು ಲೆನೆಕ್‌ನನ್ನು ಹಿಡಿದಿದ್ದೀರಿ, ಅಷ್ಟರ ಮಟ್ಟಿಗೆ ಪುಣ್ಯ. 1816ರಲ್ಲಿ ಪ್ಯಾರಿಸ್ಸಿನ ಈ ಡಾಕ್ಟರ್ ಹೆಣ್ಣುಮಗಳೊಬ್ಬಳ ಎದೆಗೆ ಕಿವಿ ಹಚ್ಚಲು ಮುಜುಗರಪಟ್ಟು, ಕಾಗದವನ್ನು ಕೊಳವೆಯ ಹಾಗೆ ಸುತ್ತಿ ಅದರಿಂದ ಕೇಳಿದ. ಸ್ಟೆತೋಸ್ಕೋಪ್ ಹುಟ್ಟಿದ್ದು ಹಾಗೆ. ಕಥೆ ಚೆನ್ನಾಗಿದೆ. ಆದರೆ ಎರಡನೇ ಪ್ಯಾರಾದಲ್ಲಿ ಅವನು ಮಾಯ. ಆ ಮುಜುಗರ ನಿಮ್ಮ ವಾರ್ಡಿನಲ್ಲಿ ಇವತ್ತಿಗೂ ಇದೆ ಅಲ್ವಾ? ಸೆರಗು ಬಿಗಿಯಾಗಿ ಹೊದ್ದು ಕೂತ ಹೆಂಗಸು. ಸುತ್ತ ಆರು ಜನ ನೆಂಟರು. ಪರದೆ ಇಲ್ಲ. ಆಗ ಎಷ್ಟೋ ಜನ ಕುಪ್ಪಸದ ಮೇಲೆಯೇ ಸ್ಟೆತೋ ಇಟ್ಟು ಕೆಲಸ ಮುಗಿಸುತ್ತಾರೆ. ಬಟ್ಟೆ ಉಜ್ಜಿದ ಸದ್ದೂ ಎದೆಯೊಳಗಿನ ಸದ್ದಿನ ಹಾಗೇ ಕೇಳಿಸುತ್ತದೆ. ನೀವು ಏನು ಮಾಡುತ್ತೀರಿ? ಇಬ್ಬರು ಹೆಂಗಸರ ಕೈಗೆ ಚಾದರ ಕೊಟ್ಟು ಮರೆ ಮಾಡಿಸುತ್ತೀರಾ? ಬೆನ್ನ ಕಡೆಯಿಂದ ಶುರು ಮಾಡುತ್ತೀರಾ? ಅದನ್ನು ಬರೆಯುವುದಾದರೆ ಲೆನೆಕ್ ಇರಲಿ. ಇಲ್ಲದಿದ್ದರೆ ಅವನನ್ನು ಪ್ಯಾರಿಸ್ಸಿನಲ್ಲೇ ಬಿಡೋಣ.

ಆಕ್ಸಿಮೀಟರ್ ಅಂದರೇನು ಅಂತ ಅರ್ಧ ಹಾಳೆ ಬರೆದಿದ್ದೀರಿ. ಬೇಡ. ದೇಶದಲ್ಲಿ ಕೋವಿಡ್‌ನಿಂದ ಮೊದಲು ತೀರಿಕೊಂಡವರು ನಮ್ಮ ಕಲಬುರಗಿಯವರು, 2020ರ ಮಾರ್ಚ್‌ನಲ್ಲಿ. ಮರುವರ್ಷ ಎರಡನೇ ಅಲೆ ಬರುವಷ್ಟರಲ್ಲಿ ಕಿರಾಣಿ ಅಂಗಡಿಯವರೂ ಬೆರಳಿಗೆ ಅದನ್ನು ಸಿಕ್ಕಿಸಿಕೊಂಡು ಕೂತಿದ್ದರು. ನಮ್ಮ ಓದುಗರಿಗೆ ಅದು ಗೊತ್ತು. ಗೊತ್ತಿಲ್ಲದ್ದು ಅದು ಯಾವಾಗ ತಪ್ಪು ತೋರಿಸುತ್ತದೆ ಅನ್ನುವುದು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಹಚ್ಚಿದ್ದರೆ, ಕೈ ನಡುಗುತ್ತಿದ್ದರೆ ನಂಬರ್ ನಂಬುವಂತಿಲ್ಲ. ಮೈಬಣ್ಣ ಕಪ್ಪಗಿದ್ದವರಲ್ಲಿ ಇರುವುದಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುವುದೂ ಉಂಟು. ಅದಕ್ಕಿಂತ ಮುಖ್ಯ, ರಕ್ತದ ಆಕ್ಸಿಜನ್ ಶೇಕಡಾ 95 ತೋರಿಸುತ್ತಿದ್ದರೂ ಕತ್ತಿನ ಸ್ನಾಯು ಬಿಗಿದು, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳೆದುಕೊಳ್ಳುತ್ತಿದ್ದರೆ ಆ ಮನುಷ್ಯ ಆ 95ನ್ನು ಎಷ್ಟು ಕಷ್ಟಪಟ್ಟು ಉಳಿಸಿಕೊಂಡಿದ್ದಾನೆ ಅಂತ ನೋಡಬೇಕು. ಈ ಮಾತು ನಿಮ್ಮ ಐದನೇ ಹಾಳೆಯಲ್ಲಿ ಆವರಣದ ಒಳಗೆ ಸಿಕ್ಕಿಕೊಂಡಿದೆ. ಹೊರಗೆ ತನ್ನಿ.

ಇನ್ನು ತಪ್ಪುಗಳು. ಇಂಥ ಲೇಖನಗಳನ್ನು ನಮಗೆ ಓದಿಕೊಡುವ ಡಾಕ್ಟರ್ ಒಬ್ಬರಿದ್ದಾರೆ. ಮೂರು ಕಡೆ ಕೆಂಪು ಗೆರೆ ಎಳೆದಿದ್ದಾರೆ.

ಮೊದಲನೆಯದು, ‘ಉಸಿರನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಕು’. ಒಂದು ಉಸಿರು ಎಣಿಕೆ ತಪ್ಪಿದರೆ ನಿಮಿಷಕ್ಕೆ ನಾಲ್ಕು ತಪ್ಪಿದ ಹಾಗೆ. ದೊಡ್ಡವರಲ್ಲಿ 12ರಿಂದ 20 ಸರಿ ಅಂತ ನೀವೇ ಬರೆದಿದ್ದೀರಿ, 20 ಇದ್ದದ್ದು 24 ಆದರೆ ಲೆಕ್ಕವೇ ಬೇರೆ. ಪೂರ್ತಿ ಒಂದು ನಿಮಿಷ ಎಣಿಸಬೇಕು. ಎಣಿಸುತ್ತಿದ್ದೀರಿ ಅಂತ ರೋಗಿಗೆ ಗೊತ್ತಾಗಬಾರದು, ಗೊತ್ತಾದರೆ ಉಸಿರು ತಾನೇ ಬದಲಾಗುತ್ತದೆ. ನಾಡಿ ಹಿಡಿದ ಹಾಗೆ ಕೈ ಹಿಡಿದುಕೊಂಡೇ ಹೊಟ್ಟೆಯ ಮೇಲಿನ ಸೆರಗು ಏರಿ ಇಳಿಯುವುದನ್ನು ನೋಡುವುದು ನಿಮ್ಮವರೆಲ್ಲ ಮಾಡುವ ಉಪಾಯ. ಓದುಗರಿಗೆ ಅದನ್ನು ಹೇಳಿಕೊಡಿ. ಮಕ್ಕಳ ಲೆಕ್ಕ ಬಿಟ್ಟಿದ್ದೀರಿ, ಅದೂ ಬೇಕು: ಎರಡು ತಿಂಗಳ ಒಳಗಿನ ಕೂಸಿಗೆ ನಿಮಿಷಕ್ಕೆ 60, ಒಂದು ವರ್ಷದ ಒಳಗೆ 50, ಐದು ವರ್ಷದ ಒಳಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತಡಮಾಡದೆ ಕರೆದುಕೊಂಡು ಹೋಗಬೇಕು. ಹಳ್ಳಿಯ ತಾಯಂದಿರು ಕತ್ತರಿಸಿ ಇಟ್ಟುಕೊಳ್ಳುವ ಸಾಲು ಅದು.

ಎರಡನೆಯದು, ‘ಸುಂಯ್ ಶಬ್ದ ನಿಂತರೆ ರೋಗಿ ಸುಧಾರಿಸಿದ್ದಾನೆ ಎಂದರ್ಥ’. ಡಾಕ್ಟರ್ ಇದಕ್ಕೆ ಎರಡು ಗೆರೆ ಎಳೆದಿದ್ದಾರೆ. ಗಾಳಿ ಸಂದಿಯಲ್ಲಿ ತೂರಿ ಹೋಗುತ್ತಿದ್ದರೆ ತಾನೇ ಸುಂಯ್ ಅನ್ನುವುದು? ಏನೂ ಹೋಗದಿದ್ದರೆ ಸದ್ದೂ ಇಲ್ಲ. ಬೆವರು ಸುರಿಸುತ್ತ ಏದುತ್ತಿದ್ದ ಮನುಷ್ಯನ ಎದೆ ಒಮ್ಮೆಲೇ ನಿಶ್ಶಬ್ದವಾಗಿ, ಅವನು ತೂಕಡಿಸಲು ಶುರು ಮಾಡಿದರೆ ಓಡಬೇಕು. ಮನೆಯವರು ಮಾತ್ರ ‘ಈಗ ನಿದ್ದಿ ಹತ್ತ್ಯಾದ’ ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ.

ಮೂರನೆಯದು, ‘ಸಾಧ್ಯವಾದಷ್ಟು ಹೆಚ್ಚು ಆಕ್ಸಿಜನ್ ಕೊಡಬೇಕು’. ಎಲ್ಲರಿಗೂ ಇದು ಸರಿಯಲ್ಲ. ವರ್ಷಗಟ್ಟಲೆ ಸಿಒಪಿಡಿ, ಅಂದರೆ ಶ್ವಾಸಕೋಶದ ಗಾಳಿದಾರಿ ಕಿರಿದಾಗುವ ಹಳೇ ಕಾಯಿಲೆ, ಇದ್ದವರಿಗೆ ಬೇಕಾಬಿಟ್ಟಿ ಆಕ್ಸಿಜನ್ ಬಿಟ್ಟರೆ ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಏರಿ ಮಂಪರು ಹಿಡಿಯಬಹುದು. ಅವರಿಗೆ ಆಕ್ಸಿಮೀಟರಿನ ನಂಬರ್ 88ರಿಂದ 92ರ ನಡುವೆ ನಿಲ್ಲಿಸಬೇಕು. ಹಾಗಂತ ಆಕ್ಸಿಜನ್ ಅಂದರೆ ಹೆದರಿಕೆ ಹುಟ್ಟಿಸುವಂತೆಯೂ ಬರೆಯಬೇಡಿ. 82 ಇದ್ದವರಿಗೆ ಕೊಡಲೇಬೇಕು, ಎಷ್ಟು ಅನ್ನುವುದಷ್ಟೇ ಪ್ರಶ್ನೆ.

ಈಗ ಪೆನ್ಸಿಲಿನ ಮಾತು. ನಿಮಗೆ ನೆನಪಿದೆಯೋ ಇಲ್ಲವೋ, ಇಲ್ಲಿ ಹಾಗೇ ಇಳಿಸುತ್ತೇನೆ:

‘ಬೆಡ್ 7. 11.10: ಉಸಿರು 37, ಆಕ್ಸಿ 82. ಮಕ್ಕೋ ಅಂದ್ರ ಮಕ್ಕೊಳ್ಳಂಗಿಲ್ಲ. ಒಂದೊಂದೇ ಶಬ್ದ.
11.40: 33, 87. ಟೇಬಲ್ ಕೊಟ್ಟೆ, ದಿಂಬು.
1.15: 26, 90. ಮಗನ್ನ ಬೈದಳು, ಪೂರಾ.
4.00: ಕಣ್ ಮುಚ್ಯಾಳ. ಎಬ್ಬಿಸಿದೆ. ಸಿಟ್ಟಾದಳು.
4.10: ಚಾ ಕುಡದೆ.’

ಸಿಸ್ಟರ್, ಡಾಕ್ಟರ್ ಕೆಂಪು ಗೆರೆ ಎಳೆದ ಮೂರೂ ತಪ್ಪನ್ನು ನೀವು ಇಲ್ಲಿ ಮಾಡಿಲ್ಲ. 37 ಆಗಲಿ, 33 ಆಗಲಿ, ನಾಲ್ಕರ ಮಗ್ಗಿಯಲ್ಲಿ ಬರುವ ಸಂಖ್ಯೆ ಅಲ್ಲ. ಅಂದರೆ ನೀವು ಪೂರ್ತಿ ನಿಮಿಷ ನಿಂತು ಎಣಿಸಿದ್ದೀರಿ. ಆಕ್ಸಿಜನ್ 90ಕ್ಕೆ ತಂದು ಅಲ್ಲಿಗೇ ಬಿಟ್ಟಿದ್ದೀರಿ, 98ಕ್ಕೆ ಏರಿಸಲು ಹೋಗಿಲ್ಲ. ನಾಲ್ಕು ಗಂಟೆಗೆ ಬೆಡ್ 7ರ ಅಜ್ಜಿ ಸುಮ್ಮನಾದಾಗ ‘ಮಲಗಿದಳು’ ಅಂತ ಬರೆದು ಕೂತುಕೊಳ್ಳಲಿಲ್ಲ, ಎಬ್ಬಿಸಿ ನೋಡಿದಿರಿ. ಸಿಟ್ಟಾದಳು ಅಂದರೆ ಮಂಪರಲ್ಲ, ನಿಜವಾದ ನಿದ್ದೆ. ಆಮೇಲೆ ಚಹಾ. ನಾನು ಈ ಐದು ಸಾಲು ಓದಿ, ನಿಜ ಹೇಳುತ್ತೇನೆ, ನಾನೂ ಒಂದು ಲೋಟ ಚಹಾ ತರಿಸಿಕೊಂಡೆ. ‘ಮಗನ್ನ ಬೈದಳು, ಪೂರಾ’ ಅನ್ನುವುದಂತೂ ಭಾರಿ. 11 ಗಂಟೆಗೆ ಒಂದೊಂದೇ ಶಬ್ದ ಆಡುತ್ತಿದ್ದವಳು ಒಂದೇ ಉಸಿರಿನಲ್ಲಿ ಒಂದು ಇಡೀ ಬೈಗುಳ ಮುಗಿಸಿದಳು. ನಿಮ್ಮ ಲೇಖನದಲ್ಲಿ ಇದೇ ವಿಷಯ ‘ವಾಕ್ಯ ಪೂರ್ಣಗೊಳಿಸುವ ಸಾಮರ್ಥ್ಯದ ಪರಿಶೀಲನೆ’ ಅಂತ ಆಗಿದೆ.

ಹಾಗಾಗಿ ಏಳು ಹಾಳೆ ಪಕ್ಕಕ್ಕಿಡಿ, ಈ ಐದು ಸಾಲಿನಿಂದ ಹೊಸದಾಗಿ ಬರೆಯಿರಿ. ನನಗೆ ಜಾಸ್ತಿ ಬೇಕಾಗಿರುವುದು 11.10ರಿಂದ 11.40ರವರೆಗಿನ ಅರ್ಧ ಗಂಟೆ. ಅಜ್ಜಿ ಬಾಗಿಲಲ್ಲಿ ಕಂಡಾಗ ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು? ತುಟಿಯ ಬಣ್ಣಕ್ಕಾ, ಮೊಣಕಾಲ ಮೇಲೆ ಕೈ ಊರಿ ಮುಂದಕ್ಕೆ ಬಾಗಿ ಕೂತ ರೀತಿಗಾ? ಡಾಕ್ಟರಿಗೆ ಫೋನ್ ಮೊದಲೋ, ಮಂಚದ ತಲೆಭಾಗ ಎತ್ತಿದ್ದು ಮೊದಲೋ? ಔಷಧವನ್ನು ಮಂಜಿನ ಹಾಗೆ ಉಸಿರಿಗೆ ಬಿಡುವ ನೆಬ್ಯುಲೈಜರ್ ಹಾಕಿದಾಗ ಅಜ್ಜಿ ಮಾಸ್ಕ್ ಕಿತ್ತು ಬಿಸಾಕಲಿಲ್ವಾ? ಉಸಿರು ಸಿಗದವರ ಮುಖಕ್ಕೆ ಮಾಸ್ಕ್ ಕಟ್ಟಿದರೆ ಉಸಿರು ಕಟ್ಟಿದ ಹಾಗೇ ಅನಿಸುತ್ತದೆ, ಅವರನ್ನು ಹೇಗೆ ಒಪ್ಪಿಸುತ್ತೀರಿ? ಮಗ ಬಂದು ‘ಇನ್ನಷ್ಟು ಬಿಡ್ರೀ ಸಿಸ್ಟರ್, ಯಾಕ ಕಂಜೂಸಿ ಮಾಡ್ತೀರಿ’ ಅಂತ ಆಕ್ಸಿಜನ್ನಿನ ಗುಬುಟಿಗೆ ಕೈ ಹಾಕಿದನಾ? ಹಾಕಿಯೇ ಇರುತ್ತಾನೆ. ಮಂಚಕ್ಕೆ ಅಡ್ಡ ನಿಲ್ಲಿಸುವ ಕಾರ್ಡಿಯಾಕ್ ಟೇಬಲ್ ಮೇಲೆ ದಿಂಬು ಇಟ್ಟು ಅದರ ಮೇಲೆ ಒರಗಿಸಿದರೆ ಯಾಕೆ ಆರಾಮ ಅನಿಸುತ್ತದೆ ಅಂತ ಎರಡು ಸಾಲು ಹೇಳಿ. ಮನೆಯಲ್ಲಿ ಟೇಬಲ್ ಇಲ್ಲದವರು ಹಾಸಿಗೆ ಸುರುಳಿ ಇಟ್ಟುಕೊಳ್ಳಬಹುದು.

ಇನ್ನೊಂದು. ಕಾರಣಗಳ ಪಟ್ಟಿಯಲ್ಲಿ ‘ಧೂಮಪಾನ’ ಮೊದಲು ಬರೆದಿದ್ದೀರಿ, ಸರಿ. ಈ ಅಜ್ಜಿ ಬೀಡಿ ಸೇದುತ್ತಿದ್ದಳಾ? ಅನುಮಾನ. ನಮ್ಮ ಕಡೆ ತೊಗರಿ ರಾಶಿ ಮುಗಿದ ಮೇಲೆ ಕಟ್ಟಿಗೆ ಮನೆ ಮುಂದೆ ಬಣವೆ ಬೀಳುತ್ತದೆ, ವರ್ಷಪೂರ್ತಿ ಒಲೆಗೆ ಅದೇ. ನಲವತ್ತು ವರ್ಷ ದಿನಕ್ಕೆ ಎರಡು ಹೊತ್ತು ಆ ಹೊಗೆಯಲ್ಲಿ ಕೂತು ಜೋಳದ ರೊಟ್ಟಿ ಬಡಿದವಳಿಗೆ ‘ಸೇದ್ತೀಯೇನವ್ವಾ?’ ಅಂತ ಕೇಳಿದರೆ ಇಲ್ಲ ಅನ್ನುತ್ತಾಳೆ, ಕೇಸ್ ಶೀಟಿನಲ್ಲೂ ಇಲ್ಲ ಅಂತಲೇ ಬೀಳುತ್ತದೆ. ‘ಒಲಿ ಯಾವುದು?’ ಅಂತ ಕೇಳಬೇಕು. ಗಂಡಸರಿಗೆ ದಾಲ್ ಮಿಲ್ಲಾ, ಶಹಾಬಾದ ಕಲ್ಲಿನ ಗಣಿಯಾ ಅಂತ ಕೇಳಬೇಕು. ಕೆಮ್ಮು ಎರಡು ವಾರ ದಾಟಿದ್ದರೆ ಕಫ ಪರೀಕ್ಷೆ ಅನ್ನುವುದನ್ನು ಮರೆಯಬೇಡಿ, ಟಿಬಿ ಇನ್ನೂ ಹೋಗಿಲ್ಲ.

ಕೊನೆಯ ಹಾಳೆಯಲ್ಲಿ ‘ಇನ್‌ಹೇಲರ್ ಬಳಕೆಯ ಬಗ್ಗೆ ಆರೋಗ್ಯ ಶಿಕ್ಷಣ ನೀಡಬೇಕು’ ಅಂತ ಒಂದೇ ಸಾಲು ಇದೆ. ಇಲ್ಲಿ ನನ್ನ ಮನೆಯ ಕಥೆ ಹೇಳಬೇಕು. ನಮ್ಮ ಅಪ್ಪ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು, ದಮ್ಮಿನವರು. ಒಂದು ಆಸ್ಪತ್ರೆಯಲ್ಲಿ ರೋಟಾಹೇಲರ್ ಬರೆದುಕೊಟ್ಟರು. ಡಬ್ಬಿಯಲ್ಲಿ ಮಾತ್ರೆಯಂಥ ಕ್ಯಾಪ್ಸೂಲ್. ಅಪ್ಪ ಎರಡು ತಿಂಗಳು ಅದನ್ನು ಊಟ ಆದ ಮೇಲೆ ನೀರಿನ ಜೊತೆ ನುಂಗಿದರು. ಯಂತ್ರ ಬೇರೆ ಕೊಟ್ಟಿದ್ದರಲ್ಲ ಅಂತೀರಾ? ಅದು ಅಲಮಾರಿನಲ್ಲಿ ಭದ್ರವಾಗಿತ್ತು. ದಮ್ಮು ಕಮ್ಮಿ ಆಗಲಿಲ್ಲ, ನಾವು ಡಾಕ್ಟರಿಗೆ ಬೈದೆವು. ಆಮೇಲೆ ಬೇರೆ ಕಡೆ ಒಬ್ಬ ಸಿಸ್ಟರ್ ‘ಕಾಕಾ, ಹ್ಯಾಂಗ ತಗೋತೀರಿ, ತೋರಸ್ರಿ ನೋಡಮ್’ ಅಂದರು. ಅಪ್ಪ ಕ್ಯಾಪ್ಸೂಲ್ ಬಾಯಿಗೆ ಹಾಕಿಕೊಂಡು ನೀರಿನ ಲೋಟಕ್ಕೆ ಕೈ ಚಾಚಿದರು. ಆ ಸಿಸ್ಟರ್ ನಗಲಿಲ್ಲ. ಯಂತ್ರದಲ್ಲಿ ಕ್ಯಾಪ್ಸೂಲ್ ಒಡೆದು, ಮೊದಲು ಉಸಿರು ಪೂರ್ತಿ ಹೊರಗೆ ಬಿಟ್ಟು, ಬಾಯಿ ಹಚ್ಚಿ ಜೋರಾಗಿ ಎಳೆದು, ಹತ್ತು ಎಣಿಸುವವರೆಗೆ ಹಿಡಿದಿಡುವುದನ್ನು ಮೂರು ಸಲ ಮಾಡಿಸಿದರು. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಲು ಹೇಳಿದರು. ನಿಮ್ಮ ‘ಆರೋಗ್ಯ ಶಿಕ್ಷಣ’ ಅಂದರೆ ಇಷ್ಟೇ ಅಲ್ವಾ, ‘ತೋರಸ್ರಿ’ ಅನ್ನುವುದು? ನಿಮ್ಮ ಹತ್ತಿರ ಇಂಥ ಕಥೆ ಹತ್ತಾದರೂ ಇರುತ್ತವೆ. ಒಂದು ಸಾಕು.

ವ್ಯವಹಾರದ ಮಾತು ಬೇಗ ಮುಗಿಸುತ್ತೇನೆ. ಅಜ್ಜಿಯ ಹೆಸರು, ಊರು, ಆಸ್ಪತ್ರೆ ಯಾವುದೂ ಬೇಡ. ಬೆಡ್ ನಂಬರ್ ಬದಲಿಸಿ. ಔಷಧದ ಡೋಸ್ ಬರೆಯಬೇಡಿ, ಓದಿ ತಾವೇ ತಗೊಳ್ಳುವವರು ಇರುತ್ತಾರೆ. ಸಾವಿರ ಪದ ದಾಟಿಸಬೇಡಿ. ಸಂಭಾವನೆ ಕೊಡುತ್ತೇವೆ, ಮೊತ್ತ ಕೇಳಿ ನಗಬಾರದು. ರಾತ್ರಿ ಪಾಳಿ ಮುಗಿಸಿ ಬಂದ ದಿನ ಬರೆಯಬೇಡಿ, ಮಲಗಿ ಎದ್ದು ಬರೆಯಿರಿ.

ಆರು ಹಾಳೆ ಈ ಪತ್ರದ ಜೊತೆ ವಾಪಸ್ ಕಳಿಸಿದ್ದೇನೆ. ನಾಲ್ಕನೆಯದು ನನ್ನ ಹತ್ತಿರವೇ ಇದೆ, ಹೊಸ ಲೇಖನ ಬಂದ ಮೇಲೆ ಕೊಡುತ್ತೇನೆ. ಅಂದ ಹಾಗೆ, ನಾಲ್ಕು ಗಂಟೆಗೆ ಎಬ್ಬಿಸಿದಾಗ ಅಜ್ಜಿ ಸಿಟ್ಟಿನಲ್ಲಿ ಏನಂದಳು? ಅದನ್ನೂ ಬರೆಯಿರಿ. ಬೈಗುಳ ಇದ್ದರೂ ಪರವಾಗಿಲ್ಲ, ನಾನು ಕತ್ತರಿ ಹಾಕುವುದಿಲ್ಲ.

ಇಂತಿ ನಿಮ್ಮ,
ಸಂಪಾದಕ