ಚಟ್ನಿಪುಡಿ ಹೆಸರು, ರೆಸಿಪಿ ಎರಡನ್ನೂ ‘ಪೇಟೆಂಟ್’ ಮಾಡಿಸಬಹುದಾ?

ನಮಸ್ಕಾರ. ‘ಬ್ಯಾಡಗಿ ರುಚಿ’ ಅನ್ನೋ ಹೆಸರನ್ನೂ ಅಜ್ಜಿಯ ರೆಸಿಪಿಯನ್ನೂ ಪೇಟೆಂಟ್ ಮಾಡಿಸಬಹುದಾ ಅಂತ ಕೇಳಿದ್ದೀರಿ. ಎರಡಕ್ಕೂ ಪೇಟೆಂಟ್ ಸಿಗುವುದಿಲ್ಲ. ಅದು ಹೊಸ ಆವಿಷ್ಕಾರಕ್ಕೆ ಮಾತ್ರ. ಸುಮ್ನೆ ನಾಲ್ಕು ಪದಾರ್ಥ ಬೆರೆಸಿದ್ದನ್ನು ಕಾನೂನು ಆವಿಷ್ಕಾರ ಅಂತ ಒಪ್ಪುವುದಿಲ್ಲ. ಅಳತೆಯನ್ನು ಗುಟ್ಟಾಗಿ ಇಟ್ಟುಕೊಳ್ಳಿ, ಅಷ್ಟೇ. ಪುಡಿ ಮಾಡುವವರ ಹತ್ತಿರ ಗುಟ್ಟು ಬಿಟ್ಟುಕೊಡುವುದಿಲ್ಲ ಅಂತ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಹೆಸರಿಗೆ ಬೇಕಾಗಿರುವುದು, ಸರಕು ಯಾರದ್ದು ಅಂತ ಗುರುತಿಸುವ ಹೆಸರನ್ನು ಕಾಪಾಡುವ ಟ್ರೇಡ್‌ಮಾರ್ಕ್. ಆದರೆ ಈ ಹೆಸರಲ್ಲೇ ತೊಂದರೆ ಇದೆ. ‘ರುಚಿ’ ಅನ್ನುವುದು ಗುಣ ಹೇಳುವ ಪದ, ಯಾರು ಬೇಕಾದರೂ ಬಳಸುವಂಥದ್ದು. ಬ್ಯಾಡಗಿ ಊರಿನ ಹೆಸರು, ಜೊತೆಗೆ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ ಟ್ಯಾಗ್ (ಇಂಥ ಊರಿನದ್ದೇ ಸರಕು ಅನ್ನುವ ಭೌಗೋಳಿಕ ಗುರುತು) ಸಿಕ್ಕಿದೆ. ಜಿಐ ಆ ಸೀಮೆಯ ಬೆಳೆಗಾರರೆಲ್ಲರ ಸೊತ್ತು, ಒಬ್ಬರದ್ದಲ್ಲ. ನೀವು ಬೇರೆ ಕಡೆಯ ಮೆಣಸಿನಕಾಯಿ ಹಾಕಿ ಆ ಹೆಸರು ಇಟ್ಟರಂತೂ ಜಾಸ್ತಿ ತಲೆನೋವು. ಅರ್ಥವಿಲ್ಲದ್ದಾದರೂ ಸರಿ, ಬೇರೆ ಯಾರೂ ಇಡದ ಹೆಸರು ಹುಡುಕಿ. ನಿಮ್ಮ ಅಜ್ಜಿಯ ಅಡ್ಡಹೆಸರೇ ಚೆನ್ನಾಗಿರಬಹುದು ಅಲ್ವಾ?

ನೋಂದಣಿಗೆ ಸರಕುಗಳನ್ನು ಕ್ಲಾಸ್, ಅಂದರೆ ವರ್ಗಗಳಾಗಿ ವಿಂಗಡಿಸಿದ್ದಾರೆ. ಮಸಾಲೆ ಪದಾರ್ಥಗಳು 30ನೇ ಕ್ಲಾಸ್‌ಗೆ ಬರುತ್ತವೆ. ಒಬ್ಬರೇ ನಡೆಸುವವರಿಗೆ ಆನ್‌ಲೈನ್ ಅರ್ಜಿಗೆ ಕ್ಲಾಸ್ ಒಂದಕ್ಕೆ 4,500 ರೂಪಾಯಿ ಸರ್ಕಾರಿ ಶುಲ್ಕ. ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಿಸುತ್ತಾ ಹೋಗಬಹುದು. ಮೊದಲು ರಿಜಿಸ್ಟ್ರಿಯ (ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ) ವೆಬ್‌ಸೈಟ್‌ನಲ್ಲಿ ಅದೇ ಹೆಸರು ಇದೆಯಾ ನೋಡಿ, ಅದು ಉಚಿತ. ಒಂದು ಮಾತು: ನೋಂದಣಿ ಆಗುವ ತನಕ ಪ್ಯಾಕೆಟ್ ಮೇಲೆ ‘ನೋಂದಾಯಿತ’ ಅನ್ನುವ ವೃತ್ತದೊಳಗಿನ ಆರ್ ಗುರುತು (®) ಹಾಕಬೇಡಿ, ಅದು ಕಾನೂನುಬಾಹಿರ. ಟಿಎಂ (ಟ್ರೇಡ್‌ಮಾರ್ಕ್‌ನ ಚಿಕ್ಕ ರೂಪ, ™) ಅಂತ ಹಾಕಬಹುದು.