ಪ್ರಿಂಟ್ ಇರುವ ಜಾಗದಲ್ಲಿ ಮಾತ್ರ ಪೌಚ್ ಲ್ಯಾಮಿನೇಷನ್ ಬಿಡುವುದೇಕೆ?

ಪೌಚಿನ ಮುದ್ರಿಸಿದ ಫಿಲ್ಮನ್ನು ಎರಡನೇ ಫಿಲ್ಮಿಗೆ ಅಂಟಿಸುವುದೇ ಲ್ಯಾಮಿನೇಷನ್. ಅದು ಖಾಲಿ ಜಾಗದಲ್ಲಿ ಗಟ್ಟಿಯಾಗಿ ಹಿಡಿದು, ಬಿಳಿ ಇಂಕ್ ದಟ್ಟವಾಗಿರುವಲ್ಲಿ ಮಾತ್ರ ಪದರ ಬಿಡುತ್ತಿದ್ದರೆ ಮೊದಲು ಇಂಕನ್ನೇ ಶಂಕಿಸಿ. 15 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, ಪದರ ಬಿಡಿಸಿ, ಇಂಕ್ ಯಾವ ಕಡೆ ಹೋಯಿತು ನೋಡಿ.

ಇಂಕ್ ಪೂರ್ತಿ ಎದ್ದು ಎರಡನೇ ಫಿಲ್ಮಿಗೆ ಹೋಗಿದ್ದರೆ, ಅದು ಮುದ್ರಿಸಿದ ಫಿಲ್ಮನ್ನೇ ಹಿಡಿದಿಲ್ಲ. ಇಂಕ್ ಹಿಡಿಯಲೆಂದು ಫಿಲ್ಮಿನ ಮೇಲ್ಮೈಗೆ ಕೊಡುವ ವಿದ್ಯುತ್ ಉಪಚಾರದ, ಅಂದರೆ ಕರೋನಾ ಟ್ರೀಟ್‌ಮೆಂಟಿನ, ಮಟ್ಟ ನೋಡಿ. ಬಿಒಪಿಪಿಗೆ (ಎರಡೂ ದಿಕ್ಕಿಗೆ ಎಳೆದ ಪಾಲಿಪ್ರೊಪಿಲೀನ್ ಫಿಲ್ಮ್) ಕನಿಷ್ಠ 38 ಡೈನ್ (ಮೇಲ್ಮೈ ಶಕ್ತಿಯ ಅಳತೆ) ಇರಲಿ. ಎರಡೂ ಕಡೆ ಹಂಚಿಹೋಗಿದ್ದರೆ ಇಂಕ್ ಪದರವೇ ದುರ್ಬಲ. ಮೇಲ್ಮೈ ಮುದ್ರಣಕ್ಕೆಂದು ಮಾಡಿದ, ವ್ಯಾಕ್ಸ್ ಬೆರೆಸಿದ ಪಾಲಿಅಮೈಡ್ ಇಂಕ್ ಇಲ್ಲಿಗೆ ಆಗುವುದಿಲ್ಲ. ಲ್ಯಾಮಿನೇಷನ್ನಿಗೆ ಪಾಲಿಯುರೆಥೇನ್ ಬೈಂಡರಿನ (ಬಣ್ಣವನ್ನು ಹಿಡಿದಿಡುವ ರಾಳ) ಇಂಕ್ ಒಳ್ಳೆಯದು.

ಎರಡು ದಿನ ಕಳೆದರೂ ಅಂಟು ಜಿಗುಟಾಗಿಯೇ ಇದೆಯೇ? ಹೆಚ್ಚು ತಲೆಕೆಡಿಸುವುದು ಇದೇ. ಎರಡು ಭಾಗದ ಪಾಲಿಯುರೆಥೇನ್ ಅಂಟಿನಲ್ಲಿ ಒಂದು ಭಾಗದ (ಹಾರ್ಡನರ್) ಐಸೊಸಯನೇಟ್, ಇನ್ನೊಂದು ಭಾಗವಾದ ಪಾಲಿಯಾಲಿನ ಹೈಡ್ರಾಕ್ಸಿಲ್ ಗುಂಪುಗಳ ಜೊತೆ ಸೇರಿ ಸರಪಳಿ ಬೆಳೆಸಬೇಕು. ಇಂಕಿನಲ್ಲಿ ಉಳಿದ ದ್ರಾವಕ ಆಲ್ಕೋಹಾಲ್, ಅಂದರೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಅಥವಾ ಎಥನಾಲ್, ಅದೇ ಐಸೊಸಯನೇಟನ್ನು ಕಬಳಿಸುತ್ತದೆ. ಆ ಆಲ್ಕೋಹಾಲಿನಲ್ಲಿ ಹೈಡ್ರಾಕ್ಸಿಲ್ ಒಂದೇ ಇರುವುದರಿಂದ ಸರಪಳಿ ಅಲ್ಲೇ ತುಂಡಾಗುತ್ತದೆ. ಬಿಳಿ ಪದರ ದಪ್ಪ, ಮುದ್ರಣ ಯಂತ್ರದ ಕೊನೆಯ ಯೂನಿಟ್ಟಿನದು, ಒಣಗಲು ಸಮಯವೂ ಕಡಿಮೆ. ಹಾಗಾಗಿ ತೊಂದರೆ ಅಲ್ಲೇ ಮೊದಲು.

ಗ್ಯಾಸ್ ಕ್ರೊಮಟೋಗ್ರಫಿ ಎಂಬ ಪ್ರಯೋಗಾಲಯ ಪರೀಕ್ಷೆಯಲ್ಲಿ ಉಳಿಕೆ ದ್ರಾವಕ ಅಳೆಯಿಸಿ. ಚದರ ಮೀಟರಿಗೆ 10 ಮಿ.ಗ್ರಾಂ ಒಳಗಿರಲಿ, ಆಲ್ಕೋಹಾಲ್ ಅದರಲ್ಲೂ ಕಡಿಮೆ. ಇಂಕ್ ತೆಳುಗೊಳಿಸಲು ಆಲ್ಕೋಹಾಲ್ ಬದಲು ಈಥೈಲ್ ಅಸಿಟೇಟ್ ಬಳಸಿ, ಡ್ರೈಯರ್ ಗಾಳಿ ಹೆಚ್ಚಿಸಿ, ವೇಗ ಇಳಿಸಿ. ಹಾರ್ಡನರ್ ಮಾತ್ರ ಮನಬಂದಂತೆ ಸುರಿಯಬೇಡಿ: ಮಿಕ್ಕ ಆರೊಮ್ಯಾಟಿಕ್ ಐಸೊಸಯನೇಟ್ ತೇವದೊಂದಿಗೆ ಸೇರಿ ಅಮೈನ್ ಆಗುತ್ತದೆ, ಆಹಾರದ ಪೊಟ್ಟಣದಲ್ಲಿ ಅದು ಅಪಾಯ.